ಮ್ಯೂನಿಕ್‌ಗೆ ಗುರುವಾರ ಇಳಿಯಿರಿ: ಐದು ದಿನದ ಪ್ರವಾಸ

ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರ ನವೆಂಬರ್‌ನಲ್ಲಿ ನೇರ ವಿಮಾನ ಶುರುವಾಯಿತು. ಅಂದಿನಿಂದ ಜರ್ಮನಿ ನೋಡಲು ಹೊರಡುವ ಕನ್ನಡಿಗರಲ್ಲಿ ಅನೇಕರಿಗೆ ಈ ಊರೇ ಮೊದಲ ಮೆಟ್ಟಿಲು. ವಿಮಾನ ಹಿಡಿಯುವಾಗ ಎಲ್ಲರೂ ಟಿಕೆಟ್ ದರ ನೋಡುತ್ತಾರೆ, ವಾರ ನೋಡುವುದಿಲ್ಲ. ಮ್ಯೂನಿಕ್‌ನಲ್ಲಿ ವಾರ ತಪ್ಪಿದರೆ ಅರ್ಧ ಪ್ರವಾಸ ಕೈತಪ್ಪಿತೆಂದೇ ಲೆಕ್ಕ. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ. ಅದೇ ಭಾನುವಾರ ದೊಡ್ಡ ದೊಡ್ಡ ಕಲಾ ಸಂಗ್ರಹಾಲಯಗಳಿಗೆ ಪ್ರವೇಶ ಕೇವಲ 1 ಯೂರೋ. ಸೋಮವಾರ ಬಂತೆಂದರೆ ಆ ಸಂಗ್ರಹಾಲಯಗಳೆಲ್ಲ ರಜೆ. ಅರಮನೆಗಳು, ವಿಜ್ಞಾನ ತಂತ್ರಜ್ಞಾನದ ಡಾಯ್ಚಸ್ ಮ್ಯೂಸಿಯಂ, ನಾಜಿ ಸೆರೆಶಿಬಿರದ ಡಾಖಾವ್ ಸ್ಮಾರಕ ಮಾತ್ರ ತೆರೆದಿರುತ್ತವೆ. ಊರಾಚೆ ಸುತ್ತಲು ಬೇಕಾದ ಅಗ್ಗದ ರೈಲು ಟಿಕೆಟ್ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ನಡೆಯುತ್ತದೆ, ಶನಿವಾರ ಭಾನುವಾರ ನಡುರಾತ್ರಿಯಿಂದಲೇ ನಡೆಯುತ್ತದೆ. ಇವನ್ನೆಲ್ಲ ಜೋಡಿಸಿ ನೋಡಿದರೆ ಗುರುವಾರ ಇಳಿದು ಸೋಮವಾರ ಹೊರಡುವುದು ಎಲ್ಲಕ್ಕಿಂತ ಒಳ್ಳೆಯ ಲೆಕ್ಕ. ಕೆಳಗಿನ ಐದು ದಿನಗಳನ್ನು ಆ ಲೆಕ್ಕದ ಮೇಲೆಯೇ ಜೋಡಿಸಿದೆ.

ಹೊರಡುವ ಮೊದಲು

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೋ. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾದರೆ ತೆಗೆದುಕೊಳ್ಳುವುದಿಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಹೆಚ್ಚಿನವರು ಎಡವುವುದು ಇಲ್ಲಿ: ಪ್ಯಾರಿಸ್, ಸ್ವಿಟ್ಜರ್ಲೆಂಡ್, ಮ್ಯೂನಿಕ್ ಮೂರನ್ನೂ ಸೇರಿಸಿ ಹೋಗುವಾಗ, ಹೆಚ್ಚು ರಾತ್ರಿ ತಂಗುವುದು ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲಿ ಬೇಗ ದಿನಾಂಕ ಸಿಕ್ಕಿತೋ ಅಲ್ಲಿ ಹಾಕಿದರೆ ಹೋಟೆಲ್ ಬುಕಿಂಗ್ ನೋಡಿದ ಕೂಡಲೇ ಅಧಿಕಾರಿಗಳಿಗೆ ಗೊತ್ತಾಗುತ್ತದೆ.

ಮೇ ಮತ್ತು ಜೂನ್ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ 9 ಗಂಟೆ ದಾಟಿದರೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ. ಅದನ್ನೇ ನೋಡಬೇಕೆಂಬ ಆಸೆ ಇಲ್ಲದಿದ್ದರೆ ಆ ಎರಡು ಮೂರು ವಾರ ಬಿಟ್ಟುಬಿಡಿ. ಹೋಟೆಲ್ ದರ ಎರಡು ಮೂರು ಪಟ್ಟು ಏರುತ್ತದೆ, ತಿಂಗಳುಗಟ್ಟಲೆ ಮೊದಲೇ ಕೋಣೆಗಳು ಭರ್ತಿಯಾಗುತ್ತವೆ. ನೋಡಲೇಬೇಕು ಎನ್ನುವವರು ಬೆನ್ನುಚೀಲವನ್ನು ಕೋಣೆಯಲ್ಲೇ ಬಿಟ್ಟು ಹೋಗಿ, ಮೂರು ಲೀಟರ್‌ಗಿಂತ ದೊಡ್ಡ ಚೀಲವನ್ನು ಮೈದಾನದೊಳಗೆ ಬಿಡುವುದಿಲ್ಲ.

ಗುರುವಾರ: ಟಿಕೆಟ್, ಮುದ್ರೆ, ಮರಿಯೆನ್‌ಪ್ಲಾಟ್ಸ್

ವಿಮಾನ ನಿಲ್ದಾಣದಿಂದ ಊರೊಳಗೆ ಎಸ್‌1 ಮತ್ತು ಎಸ್‌8 ಎಂಬ ಎರಡು ಎಸ್-ಬಾನ್ ರೈಲುಗಳಿವೆ. ಎರಡಕ್ಕೂ ಮುಖ್ಯ ನಿಲ್ದಾಣ, ಅಂದರೆ ಹೌಪ್ಟ್‌ಬಾನ್‌ಹೋಫ್ ತಲುಪಲು 40ರಿಂದ 45 ನಿಮಿಷ ಬೇಕು. ಎಸ್‌8 ಪೂರ್ವದಿಂದ ಬರುತ್ತದೆ, ಹಾಗಾಗಿ ಅದಕ್ಕೆ ಊರಿನ ನಡುಚೌಕವಾದ ಮರಿಯೆನ್‌ಪ್ಲಾಟ್ಸ್ ಮೊದಲು ಸಿಗುತ್ತದೆ. ಎಸ್‌1 ಪಶ್ಚಿಮದಿಂದ ಬರುತ್ತದೆ. ನಿಮ್ಮ ಹೋಟೆಲ್ ಯಾವ ಕಡೆಗಿದೆ ನೋಡಿಕೊಂಡು ಹತ್ತಿ.

ಊರಿನ ಒಳಭಾಗ ಎಂ ವಲಯ. ಅದರ ಆಚೆ 1, 2, 3 ಎಂದು ಸುತ್ತುಗಳು. ವಿಮಾನ ನಿಲ್ದಾಣ 5ನೇ ವಲಯದಲ್ಲಿದೆ. ಆದ್ದರಿಂದ ಮೊದಲ ದಿನ ಎಂ-5ರವರೆಗಿನ ದಿನದ ಟಿಕೆಟ್ ಬೇಕು, ಯಂತ್ರದಲ್ಲಿ ಇದು ಏರ್‌ಪೋರ್ಟ್ ಸಿಟಿ ಡೇ ಟಿಕೆಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇಬ್ಬರಿದ್ದರೂ ಗುಂಪಿನ ಟಿಕೆಟ್ಟೇ ಅಗ್ಗ. ಅದರಲ್ಲಿ ಐವರು ದೊಡ್ಡವರು ಹೋಗಬಹುದು, 6ರಿಂದ 14 ವರ್ಷದ ಇಬ್ಬರು ಮಕ್ಕಳು ಸೇರಿ ಒಬ್ಬ ದೊಡ್ಡವರ ಲೆಕ್ಕ. ದಿನದ ಟಿಕೆಟ್ ಮರುದಿನ ಬೆಳಿಗ್ಗೆ 6ರವರೆಗೆ ನಡೆಯುತ್ತದೆ. ಇಡೀ ತಿಂಗಳು ದೇಶವೆಲ್ಲ ಸುತ್ತುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ, ಆದರೆ ಅದು ಪ್ರತಿ ತಿಂಗಳು ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಊರಿಗೆ ಮರಳಿದ ಮೇಲೂ ಮುಂದಿನ ತಿಂಗಳ ಹಣ ಕಾರ್ಡಿನಿಂದ ಹೋಗುತ್ತದೆ. ಐದು ದಿನಕ್ಕೆ ಬಂದವರಿಗೆ ಅದರ ಗೊಡವೆ ಬೇಡ.

ಈಗ ಮುದ್ರೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೊಸಬರು ದಂಡ ತೆರುವುದು ಇದರಲ್ಲೇ. ಟಿಕೆಟ್ ಕೊಂಡ ಮಾತ್ರಕ್ಕೆ ಅದು ಚಾಲ್ತಿಗೆ ಬರುವುದಿಲ್ಲ. ಕಾಗದದ ಟಿಕೆಟ್ ಮೇಲೆ ‘ಬಿಟ್ಟೆ ಎಂಟ್‌ವೆರ್ಟೆನ್’ ಎಂದು ಬರೆದಿದ್ದರೆ ಅದಕ್ಕೆ ಮುದ್ರೆ ಒತ್ತಿಸಬೇಕೆಂದು ಅರ್ಥ. ಎಸ್-ಬಾನ್ ಮತ್ತು ಯು-ಬಾನ್ (ನೆಲದಡಿಯ ಮೆಟ್ರೋ) ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂಗೆ ಇಳಿಯುವ ಮೆಟ್ಟಿಲಿನ ಬಾಯಲ್ಲೇ ಸೊಂಟದೆತ್ತರದ ನೀಲಿ ಪೆಟ್ಟಿಗೆ ಇರುತ್ತದೆ. ಟಿಕೆಟ್ ಮೇಲೆ ಬಾಣದ ಗುರುತಿರುವ ತುದಿಯನ್ನು ಅದರ ಸೀಳಿಗೆ ತುರುಕಿ ಒತ್ತಿ ಹಿಡಿದರೆ ಟಕ್ ಎಂದು ಸದ್ದಾಗುತ್ತದೆ. ಹೊರತೆಗೆದು ನೋಡಿದರೆ ತಾರೀಖು, ಸಮಯ ಅಚ್ಚಾಗಿರಬೇಕು. ಅಚ್ಚು ಮಸುಕಾಗಿದ್ದರೆ ಪಕ್ಕದ ಪೆಟ್ಟಿಗೆಯಲ್ಲಿ ಮತ್ತೆ ಒತ್ತಿಸಿ. ಟ್ರಾಂ ಮತ್ತು ಬಸ್ಸುಗಳಲ್ಲಿ ಈ ಪೆಟ್ಟಿಗೆ ವಾಹನದ ಒಳಗಿರುತ್ತದೆ. ಫೋನಿನಲ್ಲಿ ಕೊಂಡ ಟಿಕೆಟ್ಟಿಗೆ ಮುದ್ರೆ ಬೇಡ, ಆದರೆ ಅದನ್ನು ರೈಲು ಹತ್ತುವ ಮೊದಲೇ ಕೊಂಡಿರಬೇಕು. ಇಲ್ಲಿ ನಮ್ಮ ಮೆಟ್ರೋದ ಹಾಗೆ ತಡೆಗೇಟುಗಳಿಲ್ಲ, ಯಾರೂ ಕೇಳುವುದಿಲ್ಲವೆಂದೇ ಅನ್ನಿಸುತ್ತದೆ. ತಪಾಸಣೆಯವರು ಸಾದಾ ಉಡುಪಿನಲ್ಲಿ ಪಕ್ಕದಲ್ಲೇ ಕೂತಿರುತ್ತಾರೆ. ಮುದ್ರೆ ಇಲ್ಲದ ಟಿಕೆಟ್ಟಿಗೂ ಟಿಕೆಟ್ಟೇ ಇಲ್ಲದವರಿಗೂ ದಂಡ ಒಂದೇ, 60 ಯೂರೋ. ಹೊಸಬರು, ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ.

ಇನ್ನೊಂದು ಎಡವಟ್ಟು ಸುರಂಗದ್ದು. ಊರಿನ ಬಹುತೇಕ ಎಲ್ಲ ಎಸ್-ಬಾನ್ ರೈಲುಗಳೂ 1972ರ ಒಲಿಂಪಿಕ್ಸ್‌ಗಾಗಿ ತೆರೆದ ಒಂದೇ ಸುರಂಗದ ಎರಡು ಹಳಿಗಳ ಮೇಲೆ ಓಡುತ್ತವೆ. ಒಂದು ರೈಲಿನ ಬಾಗಿಲು ಕೆಟ್ಟರೂ ಹಿಂದಿನವೆಲ್ಲ ಸಾಲಾಗಿ ನಿಲ್ಲುತ್ತವೆ. ಇದಕ್ಕೆ ಪರಿಹಾರವಾಗಿ 2017ರಲ್ಲಿ ಎರಡನೇ ಸುರಂಗದ ಕೆಲಸ ಶುರುವಾಯಿತು. ಅದು ಮುಗಿಯುವುದು 2030ರ ದಶಕದ ನಡುವಿಗೆ. ಅಲ್ಲಿಯವರೆಗೆ ಮುಖ್ಯ ನಿಲ್ದಾಣವೂ ಪುರಭವನದ ಹಿಂಭಾಗವೂ ಅಗೆದ ಗುಂಡಿ, ಬೇಲಿ, ಬಳಸುದಾರಿ. ವಾರಾಂತ್ಯಗಳಲ್ಲಿ ಆಗಾಗ ಹಳೆಯ ಸುರಂಗವನ್ನೂ ಮುಚ್ಚುತ್ತಾರೆ. ಆಗ ಪರದಾಡಬೇಕಿಲ್ಲ: ಪೂರ್ವದಿಂದ ಬರುವವರು ಪೂರ್ವ ನಿಲ್ದಾಣವಾದ ಓಸ್ಟ್‌ಬಾನ್‌ಹೋಫ್‌ನಲ್ಲಿ ಇಳಿದು ಯು5 ಮೆಟ್ರೋ ಹಿಡಿದರೆ ಅದು ಓಡಿಯಾನ್ಸ್‌ಪ್ಲಾಟ್ಸ್, ಕಾರ್ಲ್ಸ್‌ಪ್ಲಾಟ್ಸ್ ಮೂಲಕ ಹೌಪ್ಟ್‌ಬಾನ್‌ಹೋಫ್‌ಗೇ ಹೋಗುತ್ತದೆ. ಕಾರ್ಲ್ಸ್‌ಪ್ಲಾಟ್ಸನ್ನು ಊರಿನವರು ಬಾಯಲ್ಲಿ ಷ್ಟಾಖೂಸ್ ಎನ್ನುತ್ತಾರೆ, ದಾರಿ ಕೇಳಿದಾಗ ಆ ಹೆಸರು ಬಂದರೆ ಗಾಬರಿಯಾಗಬೇಡಿ.

ಸಾಮಾನು ಇಳಿಸಿ ಮರಿಯೆನ್‌ಪ್ಲಾಟ್ಸ್‌ಗೆ ಬನ್ನಿ. ಎದುರಿಗಿರುವ ಮುಗಿಲುಮುಟ್ಟುವ ಪುರಭವನ ನೋಡಲು ಮಧ್ಯಯುಗದ್ದೆಂದು ಅನ್ನಿಸುತ್ತದೆ. ಕಟ್ಟಿದ್ದು 1867ರಿಂದ 1909ರವರೆಗೆ, ಅಷ್ಟೇ. ಅದರ 85 ಮೀಟರ್ ಗೋಪುರದಲ್ಲಿ ಗ್ಲಾಕನ್‌ಷ್ಪೀಲ್ ಎಂಬ ಗಂಟೆಗಳ ಬೊಂಬೆಯಾಟವಿದೆ. 43 ಗಂಟೆ, 32 ಬೊಂಬೆ. ಪ್ರತಿದಿನ ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 12ಕ್ಕೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಇದೆ. ಮೊದಲ ಒಂದೆರಡು ನಿಮಿಷ ಗಂಟೆ ಮಾತ್ರ ಬಾರಿಸುತ್ತದೆ, ಬೊಂಬೆ ಕದಲುವುದಿಲ್ಲ. ಇಷ್ಟೇನಾ ಎಂದು ಎಷ್ಟೋ ಜನ ಹೊರಟೇಬಿಡುತ್ತಾರೆ. ನಿಲ್ಲಿ. ಮೇಲಿನ ಅಂತಸ್ತಿನಲ್ಲಿ 1568ರ ರಾಜಮದುವೆ, ಅದರ ಕುದುರೆಕಾಳಗ. ನೀಲಿ ಬಿಳಿ ತೊಟ್ಟ ಬವೇರಿಯದ ಸವಾರ ಎರಡನೇ ಸುತ್ತಿನಲ್ಲಿ ಕೆಂಪು ಬಿಳಿಯ ಲೊರೇನ್ ಸವಾರನನ್ನು ಈಟಿಯಿಂದ ಕೆಡವುತ್ತಾನೆ. ಆಮೇಲೆ ಕೆಳಗಿನ ಅಂತಸ್ತಿನಲ್ಲಿ ಪೀಪಾಯಿ ಕಟ್ಟುವವರ ಕುಣಿತ. ಪ್ಲೇಗಿಗೆ ಹೆದರಿ ಮನೆಯೊಳಗೆ ಅಡಗಿದ್ದ ಜನರನ್ನು ಹೊರಗೆ ಕರೆಯಲು ಇವರು ಬೀದಿಯಲ್ಲಿ ಕುಣಿದರೆಂಬುದು ಐತಿಹ್ಯ. ಜೀವಂತ ಕುಣಿತಗಾರರು ಏಳು ವರ್ಷಕ್ಕೊಮ್ಮೆ ಈಗಲೂ ಬೀದಿಗಿಳಿಯುತ್ತಾರೆ. ಎಲ್ಲ ಮುಗಿದ ಮೇಲೆ ತುದಿಯ ಚಿನ್ನದ ಹುಂಜ ಮೂರು ಸಲ ಕೂಗುತ್ತದೆ. ಗೋಪುರದ ಬುಡದಲ್ಲಿ ನಿಂತರೆ ಕತ್ತು ನೋಯುವುದಷ್ಟೇ ಬರುತ್ತದೆ, ಚೌಕದ ದಕ್ಷಿಣದ ಅಂಚಿಗೆ ಸರಿದು ನೋಡಿ.

ಊರನ್ನು ಮೇಲಿನಿಂದ ನೋಡಲು ಸೇಂಟ್ ಪೀಟರ್ ಚರ್ಚಿನ ಗೋಪುರ ಹತ್ತಬೇಕು. ಸುಮಾರು 300 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಇಕ್ಕಟ್ಟು, ಏರುವವರೂ ಇಳಿಯುವವರೂ ಒಂದೇ ಮೆಟ್ಟಿಲಲ್ಲಿ. ಮಂಡಿನೋವಿನವರು ಫ್ರೌವೆನ್‌ಕಿರ್ಖೆಗೆ ಹೋಗಲಿ, ಅದರ ದಕ್ಷಿಣ ಗೋಪುರಕ್ಕೆ ಲಿಫ್ಟ್ ಇದೆ. 1468ರಲ್ಲಿ ಅಡಿಪಾಯ ಹಾಕಿದ ಈ ಇಟ್ಟಿಗೆಯ ಚರ್ಚಿನ ಜೋಡಿ ಗೋಪುರಗಳು 99 ಮೀಟರ್‌ಗೆ ಸ್ವಲ್ಪ ಕಡಿಮೆ. 100 ಮೀಟರ್ ಮೀರಿದ ಕಟ್ಟಡ ಬೇಡವೆಂದು 2004ರಲ್ಲಿ ಊರಿನ ಜನ ಮತ ಹಾಕಿದರು. ಊರಿನ ನಡುವೆ ಎಲ್ಲಿ ತಲೆಯೆತ್ತಿದರೂ ಈ ಎರಡು ಈರುಳ್ಳಿ ಗುಮ್ಮಟಗಳು ಕಾಣಲು ಆ ಒಲವೇ ಕಾರಣ.

ಊಟಕ್ಕೆ ಪಕ್ಕದ ವಿಕ್ಟುವಾಲಿಯೆನ್‌ಮಾರ್ಕ್ಟ್, 1807ರಿಂದಿರುವ ಸಂತೆ. ಸಸ್ಯಾಹಾರಿಗಳಿಗೆ ಇಲ್ಲಿ ಪರವಾಗಿಲ್ಲ: ಉಪ್ಪುಹರಳಿನ ಬ್ರೆಟ್ಸೆಲ್, ಅದಕ್ಕೆ ಹಚ್ಚಿಕೊಳ್ಳಲು ಒಬಾಟ್ಸ್‌ಡ ಎಂಬ ಚೀಸ್, ಬೆಣ್ಣೆ, ಈರುಳ್ಳಿಯ ಮಿಶ್ರಣ, ಹೋಟೆಲ್ಲಿನಲ್ಲಾದರೆ ಕೇಸೆಷ್ಪೆಟ್ಸ್ಲೆ ಎಂಬ ಚೀಸ್ ಬೆರೆಸಿದ ಶಾವಿಗೆಯಂಥ ತಿನಿಸು, ಅಣಬೆಯ ಕೆನೆಸಾರಿನಲ್ಲಿ ಬ್ರೆಡ್ಡಿನ ಕ್ನ್ಯೋಡೆಲ್ ಎಂಬ ಉಂಡೆ. ಹುಷಾರಾಗಿರಬೇಕಾದದ್ದು ಆಲೂಗಡ್ಡೆ ಸಲಾಡಿನ ಬಗ್ಗೆ. ಬವೇರಿಯದಲ್ಲಿ ಅದನ್ನು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ನೆನೆಸುತ್ತಾರೆ, ಮೇಲೆ ಕಾಣುವುದಿಲ್ಲ. ಕ್ನ್ಯೋಡೆಲ್‌ನೊಳಗೂ ಹಂದಿಮಾಂಸದ ಚೂರಿರಬಹುದು. ‘ಓನೆ ಫ್ಲೈಷ್, ಓನೆ ಫ್ಲೈಷ್‌ಬ್ರ್ಯೂಹೆ’ ಎಂದು ಕೇಳಿ, ಅಂದರೆ ಮಾಂಸವೂ ಬೇಡ, ಮಾಂಸದ ಸಾರೂ ಬೇಡ. ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಮೀನು ತಿನ್ನುತ್ತೀರಾ ಎಂದು ಮರುಪ್ರಶ್ನೆ ಬರುವುದುಂಟು. ಬಿಯರ್ ತೋಟಗಳಲ್ಲಿ ಬಟ್ಟೆ ಹಾಸದ ಮೇಜುಗಳಲ್ಲಿ ಕುಡಿಯುವುದನ್ನು ಅಲ್ಲೇ ಕೊಂಡು ತಿನ್ನುವುದನ್ನು ಮನೆಯಿಂದ ತರಬಹುದು. 1812ರ ರಾಜಾಜ್ಞೆಯಿಂದ ಬಂದ ಹಕ್ಕಿದು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಒಂದು ಲೋಟ ಆಪ್ಫೆಲ್‌ಷೋರ್ಲೆ (ಸೋಡಾ ಬೆರೆಸಿದ ಸೇಬಿನ ರಸ) ಕೊಂಡು ಮರದ ನೆರಳಲ್ಲಿ ಉಣ್ಣಬಹುದು, ಯಾರೂ ಹುಬ್ಬೇರಿಸುವುದಿಲ್ಲ.

ನಲ್ಲಿಯ ನೀರನ್ನು ನಿಶ್ಚಿಂತೆಯಾಗಿ ಕುಡಿಯಿರಿ. 1883ರಿಂದ ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ ಬರುವ ನೀರದು. ಅಂಗಡಿಯ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ, ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ಬಾಟಲಿ ಜಜ್ಜಿದರೆ ಯಂತ್ರ ಗುರುತು ಓದುವುದಿಲ್ಲ, ಹಣ ಹೋಯಿತು.

ಶುಕ್ರವಾರ: ಡಾಯ್ಚಸ್ ಮ್ಯೂಸಿಯಂ, ಇಂಗ್ಲಿಷ್ ಗಾರ್ಡನ್

ಇಸಾರ್ ನದಿಯ ನಡುಗಡ್ಡೆಯ ಮೇಲಿರುವ ಡಾಯ್ಚಸ್ ಮ್ಯೂಸಿಯಮ್ಮನ್ನು 1903ರಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರ್ ಸ್ಥಾಪಿಸಿದ. ಈಗಿನ ಕಟ್ಟಡ ತೆರೆದದ್ದು 1925ರಲ್ಲಿ. ಕಟ್ಟಡವನ್ನು ಎರಡು ಭಾಗವಾಗಿ ನವೀಕರಿಸುತ್ತಿದ್ದಾರೆ. ಮೊದಲ ಭಾಗ 2022ರ ಜುಲೈನಲ್ಲಿ ತೆರೆದಿದೆ, ಮಿಕ್ಕದ್ದು ಮುಚ್ಚಿದೆ. ಹಳೆಯ ಮಾರ್ಗದರ್ಶಿ ಪುಸ್ತಕ ಹಿಡಿದು ಹೋದವರು ಹಳೆಯ ಬಾಗಿಲಲ್ಲಿ ನಿಂತು ವಾಪಸಾಗುತ್ತಾರೆ. ಈಗ ಒಳಗೆ ಹೋಗುವುದು ಕಾರ್ನೇಲಿಯಸ್ ಸೇತುವೆಯ ಕಡೆಯಿಂದ. ಫ್ರೌನ್‌ಹೋಫರ್‌ಷ್ಟ್ರಾಸೆ ಯು-ಬಾನ್ ನಿಲ್ದಾಣದಲ್ಲಿ ಇಳಿದರೆ ಹತ್ತು ನಿಮಿಷದೊಳಗಿನ ನಡಿಗೆ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಮುಂಚೆಯೇ ಆನ್‌ಲೈನ್‌ನಲ್ಲಿ ಟಿಕೆಟ್ ಕೊಂಡು 9ಕ್ಕೆ ಬಾಗಿಲಲ್ಲಿರಿ, 11ರ ನಂತರ ಶಾಲಾಮಕ್ಕಳ ದಂಡು ಬರುತ್ತದೆ. ವಿಮಾನಗಳ ವಿಭಾಗದಿಂದಲೇ ಶುರು ಮಾಡಿ. ಹಾರಾಟದ ಮೊದಲಿಗರಲ್ಲಿ ಒಬ್ಬನಾದ ಆಟೋ ಲಿಲಿಯೆಂಥಾಲ್ ಕಟ್ಟಿದಂಥ ಬಟ್ಟೆ ಮತ್ತು ಬೆತ್ತದ ರೆಕ್ಕೆಗಳನ್ನು ನೋಡಿದ ಮೇಲೆ ಜೆಟ್ ಯುದ್ಧವಿಮಾನದ ಮುಂದೆ ನಿಲ್ಲಬೇಕು. ಎರಡರ ನಡುವಿನ ಅಂತರ ಬರೀ ಐವತ್ತು ವರ್ಷ. ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ, ಮೂರು ವಿಭಾಗಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ.

ಮಧ್ಯಾಹ್ನದ ಮೇಲೆ ಇಂಗ್ಲಿಷ್ ಗಾರ್ಡನ್. 1789ರಲ್ಲಿ ಶುರುವಾದ ಈ ತೋಟದ ವಿಸ್ತಾರ ಸುಮಾರು 375 ಹೆಕ್ಟೇರ್, ಲಾಲ್‌ಬಾಗ್‌ನಂಥ ನಾಲ್ಕು ತೋಟ ಹಿಡಿಸುವಷ್ಟು. ದಕ್ಷಿಣದ ತುದಿಯಲ್ಲಿ, ಹೌಸ್ ಡೆರ್ ಕುನ್ಸ್ಟ್ ಎಂಬ ಕಲಾಭವನದ ಪಕ್ಕದ ಸೇತುವೆಯ ಕೆಳಗೆ ಐಸ್‌ಬಾಖ್ ಎಂಬ ತೊರೆ ರಭಸದಿಂದ ಹೊರಬರುತ್ತದೆ. ಅಲ್ಲಿ ಒಂದೇ ಜಾಗದಲ್ಲಿ ನಿಂತು ಏಳುವ ಅಲೆಯ ಮೇಲೆ 1970ರ ದಶಕದಿಂದ ಜನ ಸರ್ಫಿಂಗ್ ಮಾಡುತ್ತ ಬಂದಿದ್ದಾರೆ. ಸಮುದ್ರ ನೂರಾರು ಕಿಲೋಮೀಟರ್ ದೂರ! ಅಲೆ ಏಳುವುದು ತಳದ ಆಕಾರ ಮತ್ತು ನೀರಿನ ವೇಗದ ಹೊಂದಾಣಿಕೆಯಿಂದ. ಅದು ಎಷ್ಟು ಸೂಕ್ಷ್ಮವೆಂದರೆ 2025ರ ಅಕ್ಟೋಬರ್‌ನಲ್ಲಿ ಎಂದಿನಂತೆ ತೊರೆಯ ತಳ ಶುಚಿಗೊಳಿಸಿ ನೀರು ಬಿಟ್ಟಾಗ ಅಲೆಯೇ ಏಳಲಿಲ್ಲ. ಇದನ್ನೇ ನೋಡಲೆಂದು ಹೋಗುವವರು ಆ ವಾರದ ಸ್ಥಿತಿ ವಿಚಾರಿಸಿಕೊಳ್ಳಿ. ತೊರೆಗೆ ಇಳಿಯುವ ಸಾಹಸವಂತೂ ಬೇಡ. ನೀರು ಕೊರೆಯುತ್ತದೆ, ಸೆಳೆತ ಬಲು ಜೋರು.

ತೋಟದೊಳಗೆ ಎರಡು ಎಚ್ಚರ. ಬೇಸಿಗೆಯಲ್ಲಿ ಒಂದು ಹುಲ್ಲುಗಾವಲಲ್ಲಿ ಜನ ಬಟ್ಟೆಯಿಲ್ಲದೆ ಬಿಸಿಲು ಕಾಯುತ್ತಾರೆ. ಇದಕ್ಕೆ ಇಲ್ಲಿ ಅನುಮತಿಯಿದೆ, ಯಾರಿಗೂ ವಿಶೇಷವಲ್ಲ. ಆ ಕಡೆ ಕ್ಯಾಮೆರಾ ಎತ್ತಬೇಡಿ. ಇನ್ನೊಂದು ಸೈಕಲ್. ಊರಿಡೀ ಪಾದಚಾರಿ ದಾರಿಯ ಪಕ್ಕದಲ್ಲೇ ಸೈಕಲ್ ದಾರಿ ಇರುತ್ತದೆ, ಬಣ್ಣ ಇಲ್ಲವೇ ಕಲ್ಲು ಬೇರೆಯಾಗಿರುತ್ತದೆ. ಫೋಟೋ ತೆಗೆಯಲು ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಸಾಕು, ಬೆಲ್ ಬಾರಿಸುತ್ತ ವೇಗವಾಗಿ ಬಂದೇಬಿಡುತ್ತಾರೆ.

ಶನಿವಾರ: ನೊಯ್‌ಷ್ವಾನ್‌ಷ್ಟೈನ್

ಬಾಯರ್ನ್ ಟಿಕೆಟ್ ಎಂಬುದು ಇಡೀ ಬವೇರಿಯ ರಾಜ್ಯದಲ್ಲಿ ಒಂದು ದಿನ ಓಡಾಡಲು ಐವರವರೆಗೆ ಸಿಗುವ ಟಿಕೆಟ್. ಪ್ರಾದೇಶಿಕ ರೈಲು, ಬಸ್ಸು, ಊರೊಳಗಿನ ಮೆಟ್ರೋ ಎಲ್ಲಕ್ಕೂ ನಡೆಯುತ್ತದೆ, ಐಸಿಇ ಮತ್ತು ಐಸಿ ಎಂಬ ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಶನಿವಾರವೇ ಹೋಗಬೇಕೆನ್ನಲು ಕಾರಣ ಮೊದಲೇ ಹೇಳಿದ ಆ 9 ಗಂಟೆಯ ನಿಯಮ. ನೊಯ್‌ಷ್ವಾನ್‌ಷ್ಟೈನ್ ಕೋಟೆಯನ್ನು ಗುಂಪು ಗುಂಪಾಗಿ, ಗೊತ್ತುಮಾಡಿದ ನಿಮಿಷಕ್ಕೆ ಮಾತ್ರ ತೋರಿಸುತ್ತಾರೆ. ಮುಂಜಾನೆಯ ರೈಲು ಹಿಡಿದವರಿಗೆ ದಿನ ಕೈಯಲ್ಲಿರುತ್ತದೆ.

ಕೋಟೆಗೆ ಹತ್ತಿರದ ರೈಲು ನಿಲ್ದಾಣ ಫ್ಯೂಸ್ಸೆನ್, ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಹೌಪ್ಟ್‌ಬಾನ್‌ಹೋಫ್‌ನಲ್ಲಿ 27ರಿಂದ 36ನೇ ಪ್ಲಾಟ್‌ಫಾರಂಗಳು ಮುಖ್ಯ ಹಜಾರದಲ್ಲಿಲ್ಲ, ಉತ್ತರದ ಪಕ್ಕದಲ್ಲಿ ಒಳಗೆ ಬಹುದೂರವಿವೆ. ಬೋರ್ಡಿನಲ್ಲಿ ಆ ಸಂಖ್ಯೆ ಕಂಡರೆ ಹತ್ತು ನಿಮಿಷ ಮೊದಲೇ ಹೆಜ್ಜೆ ಹಾಕಿ. ಹಜಾರದಲ್ಲಿ ಕಾಫಿ ಕುಡಿಯುತ್ತ ನಿಂತು ರೈಲು ತಪ್ಪಿಸಿಕೊಂಡವರ ಗೋಳು ಇಲ್ಲಿ ದಿನನಿತ್ಯದ್ದು. ಫ್ಯೂಸ್ಸೆನ್‌ನಿಂದ 73 ಅಥವಾ 78ನೇ ಬಸ್ಸು ಹತ್ತು ನಿಮಿಷದಲ್ಲಿ ಹೋಹೆನ್‌ಷ್ವಾಂಗೌ ಹಳ್ಳಿಗೆ ಬಿಡುತ್ತದೆ, ಬಾಯರ್ನ್ ಟಿಕೆಟ್ ಸಾಕು.

ಕೋಟೆಯ ಟಿಕೆಟ್ ವಾರಗಳ ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ. 8ರ ಸುಮಾರಿಗೆ ಮ್ಯೂನಿಕ್ ಬಿಡುವವರು ಮಧ್ಯಾಹ್ನ ಹನ್ನೆರಡೂವರೆಯ ನಂತರದ ಹೊತ್ತನ್ನೇ ಆರಿಸಬೇಕು. ರೈಲು ತಡವಾಗಿ ಸಮಯ ಮೀರಿದರೆ ಟಿಕೆಟ್ ಸತ್ತಂತೆ. ಹಳ್ಳಿಯಿಂದ ಕೋಟೆಗೆ 30ರಿಂದ 40 ನಿಮಿಷದ ಏರುದಾರಿ. ಕುದುರೆಗಾಡಿಯೂ ಬಸ್ಸೂ ಉಂಟು. ಜಾಣತನವೆಂದರೆ ಮೇಲಕ್ಕೆ ಬಸ್ಸಿನಲ್ಲಿ ಹೋಗಿ ಕೆಳಕ್ಕೆ ನಡೆಯುವುದು, ಏಕೆಂದರೆ ಬಸ್ಸು ಬಿಡುವುದು ಕೋಟೆಗಿಂತ ಮೇಲೆ, ಮರಿಯೆನ್ ಸೇತುವೆಯ ಹತ್ತಿರ. ಪೋಸ್ಟರುಗಳಲ್ಲಿ ನೋಡಿದ ಕೋಟೆಯ ನೋಟ ಸಿಗುವುದು ಆ ಸೇತುವೆಯಿಂದ, ಕೆಳಗೆ ಸುಮಾರು 90 ಮೀಟರ್ ಕಮರಿ. ಹಿಮ ಬಿದ್ದರೆ ಬಸ್ಸೂ ನಿಲ್ಲುತ್ತದೆ, ಸೇತುವೆಯನ್ನೂ ಮುಚ್ಚುತ್ತಾರೆ.

ಒಳಗಿನ ವೀಕ್ಷಣೆ ಬರೀ ಅರ್ಧ ಗಂಟೆ, ಫೋಟೋ ತೆಗೆಯುವಂತಿಲ್ಲ. ಎರಡನೇ ಲುಡ್ವಿಗ್ ರಾಜ 1869ರಲ್ಲಿ ಇದನ್ನು ಕಟ್ಟಲು ಶುರು ಮಾಡಿದ. ನಕ್ಷೆಗೆ ರೂಪು ಕೊಟ್ಟವನು ನಾಟಕದ ಪರದೆ ಬರೆಯುತ್ತಿದ್ದ ಕಲಾವಿದ. ಕಲ್ಲಿನ ಕೋಟೆಯೆಂದು ಕಾಣುವ ಇದರೊಳಗೆ ಬಿಸಿಗಾಳಿಯ ವ್ಯವಸ್ಥೆ, ನಲ್ಲಿನೀರು, ಆಳುಗಳನ್ನು ಕರೆಯಲು ವಿದ್ಯುತ್ ಗಂಟೆ ಎಲ್ಲ ಇದ್ದವು. ರಾಜ ಇಲ್ಲಿ ಒಟ್ಟು 172 ದಿನ ಬದುಕಿದ. 1886ರ ಜೂನ್ 13ರಂದು ಷ್ಟಾರ್ನ್‌ಬರ್ಗ್ ಸರೋವರದಲ್ಲಿ ಹೆಣವಾಗಿ ಸಿಕ್ಕ. ಸಿಂಹಾಸನದ ಹಜಾರ ಇದೆ, ಸಿಂಹಾಸನ ಇಲ್ಲ. ಅದನ್ನು ಮಾಡಿಸುವ ಮೊದಲೇ ಸಾವು ಬಂತು. ಮೆಟ್ಟಿಲುಗಳ ಮೇಲಿನ ಆ ಖಾಲಿ ಜಾಗದ ಮುಂದೆ ಗುಂಪು ಕದಲುವ ತನಕ ನಿಲ್ಲಿ. 2025ರ ಜುಲೈನಲ್ಲಿ ಈ ಕೋಟೆ ಲುಡ್ವಿಗ್‌ನ ಇತರ ಅರಮನೆಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ವಾಪಸು ಬರುವಾಗ ಅಂಗಡಿ ಸಾಮಾನು ಕೊಂಡಿಟ್ಟುಕೊಳ್ಳಿ. ಸೂಪರ್‌ಮಾರ್ಕೆಟ್‌ಗಳು ರಾತ್ರಿ 8ಕ್ಕೆ ಮುಚ್ಚುತ್ತವೆ, ಮತ್ತೆ ತೆರೆಯುವುದು ಸೋಮವಾರವೇ. ಮರೆತವರಿಗೆ ಹೌಪ್ಟ್‌ಬಾನ್‌ಹೋಫ್ ಮತ್ತು ಓಸ್ಟ್‌ಬಾನ್‌ಹೋಫ್‌ನೊಳಗಿನ ಅಂಗಡಿಗಳೇ ಗತಿ. ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಭಾನುವಾರ: ಒಂದು ಯೂರೋದ ಚಿತ್ರಗಳು, ಒಂದು ಗಲ್ಲಿ, ಒಲಿಂಪಿಕ್ ಗುಡ್ಡ

ಹಳೆಯ ಕಾಲದ ಚಿತ್ರಗಳ ಸಂಗ್ರಹಾಲಯ ಆಲ್ಟೆ ಪಿನಾಕೊಥೆಕ್‌ಗೆ ಇಂದು 1 ಯೂರೋ. ಪಕ್ಕದ ಆಧುನಿಕ ಕಲೆಯ ಪಿನಾಕೊಥೆಕ್, ಬ್ರಾಂಡ್‌ಹೋರ್ಸ್ಟ್ ಸಂಗ್ರಹಾಲಯಗಳಿಗೂ ಅಷ್ಟೇ. ಎದುರಿನ ನೊಯೆ ಪಿನಾಕೊಥೆಕ್ ದುರಸ್ತಿಗಾಗಿ ವರ್ಷಗಳಿಂದ ಮುಚ್ಚಿದೆ. ಆಲ್ಟೆಯಲ್ಲಿ ಎರಡು ಚಿತ್ರಗಳಿಗೆ ಹೊತ್ತು ಕೊಡಿ. ಒಂದು, 1500ರಲ್ಲಿ ಡ್ಯೂರರ್ ಬರೆದ ತನ್ನದೇ ಚಿತ್ರ. ತುಪ್ಪುಳದ ಕೊರಳಪಟ್ಟಿಯನ್ನು ಬೆರಳು ಹಿಡಿದಿರುವ ಜಾಗದಲ್ಲಿ ಒಂದೊಂದು ರೋಮವೂ ಬೇರೆ ಬೇರೆ ಕಾಣುತ್ತದೆ. ಇನ್ನೊಂದು ಆಲ್ಟ್‌ಡಾರ್ಫರ್ 1529ರಲ್ಲಿ ಬರೆದ ಅಲೆಕ್ಸಾಂಡರನ ಯುದ್ಧ. ಇರುವೆಯಂಥ ಸಾವಿರಾರು ಸೈನಿಕರ ನಡುವೆ ಓಡುತ್ತಿರುವ ಪರ್ಷಿಯದ ದೊರೆ ದಾರಿಯುಸ್‌ನ ರಥವನ್ನು ಹುಡುಕಬೇಕು. 

ಅಲ್ಲಿಂದ ಓಡಿಯಾನ್ಸ್‌ಪ್ಲಾಟ್ಸ್‌ಗೆ ನಡೆಯಿರಿ. ಮೂರು ಕಮಾನಿನ ಫೆಲ್ಡ್‌ಹೆರ್ನ್‌ಹಾಲೆಯ ಪಕ್ಕದಲ್ಲೇ 1923ರ ನವೆಂಬರ್ 9ರಂದು ಹಿಟ್ಲರನ ದಂಗೆಯನ್ನು ಪೊಲೀಸರು ತಡೆದರು. ನಾಲ್ವರು ಪೊಲೀಸರು ಸತ್ತರು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಸತ್ತ ದಂಗೆಕೋರರಿಗೆ ಇಲ್ಲಿ ಸ್ಮಾರಕ ಕಟ್ಟಿ, ಹಾದುಹೋಗುವವರೆಲ್ಲ ಕೈಯೆತ್ತಿ ವಂದಿಸಬೇಕೆಂದು ಕಾವಲಿಟ್ಟರು. ವಂದಿಸಲು ಮನಸ್ಸಿಲ್ಲದವರು ಸ್ಮಾರಕಕ್ಕಿಂತ ಮೊದಲೇ ವಿಸ್ಕಾರ್ಡಿಗಾಸೆ ಎಂಬ ಪುಟ್ಟ ಗಲ್ಲಿಗೆ ತಿರುಗಿಬಿಡುತ್ತಿದ್ದರು. ಆ ಗಲ್ಲಿ ಕಟ್ಟಡದ ಹಿಂದೆಯೇ ಇದೆ. ತಲೆ ತಗ್ಗಿಸಿ ನೋಡಿ: ಬೂದುಗಲ್ಲಿನ ಹಾಸಿನ ನಡುವೆ ಕಂಚಿನ ಕಲ್ಲುಗಳ ಒಂದು ಪಟ್ಟಿ ಹಾವಿನಂತೆ ಬಳುಕಿ ಹೋಗುತ್ತದೆ. ಬೋರ್ಡು ಅರಸಿದರೆ ಪಟ್ಟಿ ತಪ್ಪುತ್ತದೆ. ಸಾವಿರಾರು ಚಪ್ಪಲಿ ಸವೆಸಿ ಹೊಳಪು ಬಂದ ಆ ಕಂಚನ್ನು ದಾಟಿಕೊಂಡು ಪ್ರವಾಸಿಗಳು ಅಂಗಡಿ ಕಿಟಕಿ ನೋಡುತ್ತ ಹೋಗುತ್ತಿರುತ್ತಾರೆ.

ಸಂಜೆಗೆ ಯು3 ಹಿಡಿದು ಒಲಿಂಪಿಯಾಸೆಂಟ್ರುಮ್. ಬಿಎಂಡಬ್ಲ್ಯು ಕಂಪನಿಯ ಕಾರು ಪ್ರದರ್ಶನ ಭವನ ಬಿಎಂಡಬ್ಲ್ಯು ವೆಲ್ಟ್‌ಗೆ ಪ್ರವೇಶ ಉಚಿತ, ಕಾರು ಇಷ್ಟವಿದ್ದರೆ ಒಂದು ಗಂಟೆ ಸಾಕು. ಒಲಿಂಪಿಕ್ ಗೋಪುರ 2024ರ ಜೂನ್‌ನಿಂದ ದುರಸ್ತಿಯಲ್ಲಿದೆ. ಚಿಂತೆಯಿಲ್ಲ, ಪಕ್ಕದ ಗುಡ್ಡ ಹತ್ತಿ. ಅದು ಮಣ್ಣಿನ ಗುಡ್ಡವಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಬಿದ್ದ ಮನೆಗಳ ಅವಶೇಷ ಸುರಿದು ಬೆಳೆದದ್ದು. ತುದಿಯಿಂದ ಗಾಜಿನ ಡೇರೆಯಂಥ ಕ್ರೀಡಾಂಗಣದ ಚಾವಣಿ, ಊರು, ಫೋನ್ ಎಂಬ ಬಿಸಿಗಾಳಿ ಬೀಸುವ ದಿನವಾದರೆ ಕೈಗೆಟಕುವಂತೆ ಆಲ್ಪ್ಸ್ ಕಾಣುತ್ತದೆ. 1972ರ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸನ್ನು 2–1ರಿಂದ ಸೋಲಿಸಿ ಕಂಚು ಗೆದ್ದ ಭಾರತದ ಹಾಕಿ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಅದೇ ಕ್ರೀಡಾಕೂಟದಲ್ಲಿ ಭಯೋತ್ಪಾದಕರ ದಾಳಿಗೆ ಇಸ್ರೇಲ್ ತಂಡದ 11 ಮಂದಿ ಮತ್ತು ಒಬ್ಬ ಜರ್ಮನ್ ಪೊಲೀಸ್ ಬಲಿಯಾದರು. 2017ರಲ್ಲಿ ತೆರೆದ ಅವರ ಸ್ಮಾರಕ ಉದ್ಯಾನದಲ್ಲೇ ಇದೆ, ಒಬ್ಬೊಬ್ಬರ ಬದುಕಿನ ವಿವರವೂ ಅಲ್ಲಿದೆ.

ಸೋಮವಾರ: ಡಾಖಾವ್

ಸಾಮಾನನ್ನು ಹೌಪ್ಟ್‌ಬಾನ್‌ಹೋಫ್‌ನ ಲಾಕರಿನಲ್ಲಿಟ್ಟು ಎಸ್‌2 ಹಿಡಿಯಿರಿ. ಪೀಟರ್ಸ್‌ಹೌಸೆನ್ ಎಂದು ಬೋರ್ಡಿರುವ ರೈಲು ಸುಮಾರು 25 ನಿಮಿಷದಲ್ಲಿ ಡಾಖಾವ್ ತಲುಪುತ್ತದೆ. ಅದು 1ನೇ ವಲಯ, ಎಂ ವಲಯದ ಟಿಕೆಟ್ ಮಾತ್ರ ಇದ್ದರೆ ದಂಡ ಬೀಳುತ್ತದೆ. ಸಂಜೆ ವಿಮಾನ ನಿಲ್ದಾಣಕ್ಕೂ ಹೋಗುವವರು ಬೆಳಿಗ್ಗೆಯೇ ಎಂ-5 ದಿನದ ಟಿಕೆಟ್ ಕೊಂಡರೆ ಎರಡೂ ಆಯಿತು. ನಿಲ್ದಾಣದ ಹೊರಗೆ 726ನೇ ಬಸ್ಸು. ಸ್ಮಾರಕಕ್ಕೆ ಪ್ರವೇಶ ಉಚಿತ, ದಿನವೂ 9ರಿಂದ 5. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಬೇಡಿ.

1933ರ ಮಾರ್ಚ್ 22ರಂದು ತೆರೆದ ಈ ಸೆರೆಶಿಬಿರವೇ ಮುಂದಿನ ನಾಜಿ ಶಿಬಿರಗಳಿಗೆಲ್ಲ ಮಾದರಿ. ಹನ್ನೆರಡು ವರ್ಷದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ಸೆರೆಯಿದ್ದರು, 41,500 ಮಂದಿ ಸತ್ತರು. ಕಬ್ಬಿಣದ ಗೇಟಿನ ಮೇಲೆ ದುಡಿಮೆಯೇ ಬಿಡುಗಡೆ ಎಂಬ ಅರ್ಥದ ಸುಳ್ಳು ಬರಹ. ಒಳಗೆ ಎರಡು ಮಾದರಿ ಬ್ಯಾರಕ್ಕುಗಳನ್ನು ಮರುಕಟ್ಟಿದ್ದಾರೆ. ಉಳಿದವುಗಳ ಜಾಗದಲ್ಲಿ ಅಡಿಪಾಯದ ಕಾಂಕ್ರೀಟ್ ಚೌಕಟ್ಟು, ಜಲ್ಲಿಕಲ್ಲು, ಒಂದೊಂದಕ್ಕೂ ಒಂದು ಸಂಖ್ಯೆ. ಮೊದಲು ಮುಖ್ಯ ಕಟ್ಟಡದ ಪ್ರದರ್ಶನ ನೋಡಿ, ಆಮೇಲೆ ಬ್ಯಾರಕ್ಕು, ಕೊನೆಗೆ ಪೋಪ್ಲರ್ ಮರಗಳ ಸಾಲಿನ ಉದ್ದಕ್ಕೂ ನಡೆದು ಹಿಂದಿನ ಮೂಲೆಯ ಶವದಹನ ಕಟ್ಟಡ. ಕ್ರಮ ತಪ್ಪಿದರೆ ಕಂಡದ್ದು ಅರ್ಥವಾಗುವುದಿಲ್ಲ.

ಆ ಕಟ್ಟಡದಲ್ಲಿ ನಾಲ್ವರು ಮಹಿಳೆಯರ ನೆನಪಿನ ಫಲಕವಿದೆ. ಅದರಲ್ಲೊಂದು ಹೆಸರು ನೂರ್ ಇನಾಯತ್ ಖಾನ್. ತಂದೆ ಸೂಫಿ ಗುರು, ವೀಣಾವಾದಕ ಹಜರತ್ ಇನಾಯತ್ ಖಾನ್. ಅವರ ತಾಯಿಯ ಕಡೆಯ ವಂಶ ಮೈಸೂರಿನ ಟಿಪ್ಪು ಸುಲ್ತಾನನದು. ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬೆಳೆದ ನೂರ್ ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. ಯುದ್ಧ ಬಂದಾಗ ಬ್ರಿಟಿಷ್ ಗುಪ್ತದಳ ಸೇರಿ, 1943ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ಗೆ ವೈರ್‌ಲೆಸ್ ಸಂದೇಶ ಕಳುಹಿಸುವವಳಾಗಿ ಹೋದಳು. ಸಂಗಡಿಗರು ಒಬ್ಬೊಬ್ಬರಾಗಿ ಸೆರೆಸಿಕ್ಕರೂ ಸಂದೇಶ ಕಳುಹಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಯಾರೋ ಹಿಡಿದುಕೊಟ್ಟರು. ತಿಂಗಳುಗಟ್ಟಲೆ ಸಂಕೋಲೆಯಲ್ಲಿಟ್ಟರೂ ಬಾಯಿಬಿಡದವಳನ್ನು 1944ರ ಸೆಪ್ಟೆಂಬರ್ 13ರಂದು ಇಲ್ಲಿ ತಂದು ಕೊಂದರು. ಆಗ ಅವಳಿಗೆ 30 ವರ್ಷ. ಸತ್ತ ಮೇಲೆ ಬ್ರಿಟನ್ ಜಾರ್ಜ್ ಕ್ರಾಸ್ ಪದಕ ನೀಡಿತು. ಮ್ಯೂನಿಕ್‌ಗೆ ಬಂದ ಕನ್ನಡಿಗರಲ್ಲಿ ಬಹಳ ಮಂದಿ ಕೋಟೆ ನೋಡಿ, ಕಾರು ನೋಡಿ ಇದನ್ನು ನೋಡದೆ ಹೋಗುತ್ತಾರೆ. ಫಲಕ ದೊಡ್ಡದಲ್ಲ. ಗುಂಪು ಕುಲುಮೆಗಳ ಕಡೆ ನೋಡುತ್ತಿರುವಾಗ ಗೋಡೆಗಳತ್ತ ತಿರುಗಿ ಹುಡುಕಿ, ನಾಲ್ಕೂ ಹೆಸರು ಓದಿ.

ಹಿಂತಿರುಗಿ ಸಾಮಾನು ತೆಗೆದುಕೊಂಡು ಹೌಪ್ಟ್‌ಬಾನ್‌ಹೋಫ್‌ನಿಂದ ಎಸ್‌1 ಹಿಡಿಯುವವರು ಹಿಂದಿನ ಡಬ್ಬಿಗಳಲ್ಲೇ ಕೂರಬೇಕು. ನೊಯ್‌ಫಾರ್ನ್ ಎಂಬಲ್ಲಿ ರೈಲು ಎರಡಾಗುತ್ತದೆ: ಮುಂದಿನ ಅರ್ಧ ಫ್ರೈಸಿಂಗ್ ಊರಿಗೆ, ಹಿಂದಿನ ಅರ್ಧ ವಿಮಾನ ನಿಲ್ದಾಣಕ್ಕೆ. ಡಬ್ಬಿಯ ಮೇಲೆ ಫ್ಲೂಗ್‌ಹಾಫೆನ್, ಅಂದರೆ ವಿಮಾನ ನಿಲ್ದಾಣ, ಎಂದಿದೆಯೇ ನೋಡಿ. ತಪ್ಪು ಭಾಗದಲ್ಲಿದ್ದರೆ ನೊಯ್‌ಫಾರ್ನ್‌ನಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ, ಅಷ್ಟರಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೆ ಹಿಂದಕ್ಕೆ ಓಡಿ.